ಸಿಲೆಬಸ್‌ನಲ್ಲಿ ಇಲ್ಲದ ಯೋಗ

ವಿಟಿಯು 2022ರ ಸ್ಕೀಮ್‌ನಲ್ಲಿ ಮೂರನೇ ಸೆಮಿಸ್ಟರ್‌ಗೆ ಬಂದ ಕೂಡಲೇ ಎನ್‌ಎಸ್‌ಎಸ್, ಪಿಇ, ಯೋಗ ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ನಮ್ಮಲ್ಲಿ ಬಹಳ ಮಂದಿ ಯೋಗ ತಗೊಂಡಿದ್ದೇವೆ. ಸೂರ್ಯನಮಸ್ಕಾರ, ಪ್ರಾಣಾಯಾಮ, ಕೊನೆಗೆ ಎಲ್ಲರಿಗೂ ಇಷ್ಟವಾದ ಶವಾಸನ, ಇಷ್ಟೇ ಯೋಗ ಅಂದುಕೊಂಡಿರುತ್ತೇವೆ. ಆದರೆ ಹಠಯೋಗದ ಹಳೆಯ ಗ್ರಂಥಗಳನ್ನು ತೆರೆದರೆ ಮೈ ಜುಂ ಅನ್ನುತ್ತದೆ.

ಸುಮಾರು 15ನೇ ಶತಮಾನದಲ್ಲಿ ಸ್ವಾತ್ಮಾರಾಮ ಬರೆದ ‘ಹಠಯೋಗ ಪ್ರದೀಪಿಕಾ’ದಲ್ಲಿ ಧೌತಿ ಎಂಬ ಕ್ರಿಯೆ ಇದೆ. 4 ಬೆರಳು ಅಗಲ, 15 ಮೊಳ ಉದ್ದದ ಒದ್ದೆ ಬಟ್ಟೆಯನ್ನು ನಿಧಾನವಾಗಿ ನುಂಗಿ, ಮತ್ತೆ ಹೊರಗೆ ಎಳೆಯಬೇಕು. 15 ಮೊಳ ಅಂದ್ರೆ ಆರು ಮೀಟರ್‌ಗೂ ಹೆಚ್ಚು, ಒಂದು ಸೀರೆಗಿಂತ ಉದ್ದ!

ಖೇಚರಿ ಮುದ್ರೆ ಇನ್ನೂ ಕಠಿಣ. ನಾಲಿಗೆಯ ಕೆಳಗಿನ ತೆಳು ಪೊರೆಯನ್ನು ಕಳ್ಳಿ ಎಲೆಯಂಥ ಹರಿತವಾದ ಕತ್ತಿಯಿಂದ ಒಂದು ಕೂದಲಿನಷ್ಟು ಕೊಯ್ಯಬೇಕು. ಸೈಂಧವ ಉಪ್ಪು, ಅಳಲೆಕಾಯಿ ಪುಡಿ ತಿಕ್ಕಬೇಕು. ಏಳು ದಿನ ಬಿಟ್ಟು ಮತ್ತೆ ಕೊಯ್ಯಬೇಕು. ಹೀಗೆ ಆರು ತಿಂಗಳು. ಕೊನೆಗೆ ನಾಲಿಗೆಯನ್ನು ಹಿಂದಕ್ಕೆ ಮಡಚಿ ಅಂಗುಳಿನ ಮೇಲಿನ ರಂಧ್ರಕ್ಕೆ ಸೇರಿಸಬೇಕು. ‘ಘೇರಂಡ ಸಂಹಿತೆ’ಯಂತೂ ಹೊಕ್ಕುಳ ಮಟ್ಟದ ನೀರಿನಲ್ಲಿ ನಿಂತು ಕರುಳನ್ನೇ ಹೊರಗೆಳೆದು ತೊಳೆಯಲು ಹೇಳುತ್ತದೆ.

ಯಾಕೆ ಇಷ್ಟೆಲ್ಲಾ? ಅವರ ಲೆಕ್ಕದಲ್ಲಿ ದೇಹ ಒಂದು ಹಸಿ ಮಡಕೆ. ನೀರಿನಲ್ಲಿಟ್ಟರೆ ಕರಗುತ್ತದೆ, ಯೋಗದ ಬೆಂಕಿಯಲ್ಲಿ ಸುಟ್ಟರೆ ಗಟ್ಟಿಯಾಗುತ್ತದೆ. ತಲೆಯೊಳಗಿಂದ ಅಮೃತ ತೊಟ್ಟಿಕ್ಕುತ್ತದೆ, ನಾಲಿಗೆಯಿಂದ ಅದನ್ನು ತಡೆದರೆ ಮುಪ್ಪು, ಸಾವು ಬರುವುದಿಲ್ಲ ಎಂದು ನಂಬಿದ್ದರು.

ಇದಕ್ಕೆ ಕನ್ನಡದವರು ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ಶೂನ್ಯ ಸಂಪಾದನೆಯ ಕಥೆಯಲ್ಲಿ ಗೋರಕ್ಷನಿಗೆ ತನ್ನ ವಜ್ರದಂಥ ದೇಹದ ಮೇಲೆ ಬಹಳ ಹೆಮ್ಮೆ. ಕತ್ತಿಯಿಂದ ಹೊಡೆದರೆ ಖಣ್ ಅಂತ ಸದ್ದು ಬರುತ್ತದೆ, ಗಾಯ ಆಗುವುದಿಲ್ಲ. ಆಮೇಲೆ ಗೋರಕ್ಷ ಅಲ್ಲಮಪ್ರಭುವಿಗೆ ಕತ್ತಿ ಬೀಸುತ್ತಾನೆ. ಅದು ಬಯಲಿನಲ್ಲಿ ಬೀಸಿದಂತೆ ಹಾದು ಹೋಗುತ್ತದೆ. ದೇಹವನ್ನು ಗಟ್ಟಿ ಮಾಡಿದ್ದು ಸಾಧನೆಯಲ್ಲ, ‘ನನ್ನ ದೇಹ’ ಎಂಬ ಹಮ್ಮು ಹೋಗಬೇಕು ಎಂಬುದು ಅಲ್ಲಮನ ಪಾಠ.

ನಮ್ಮ ಧಾರವಾಡ ಸೀಮೆಯಲ್ಲೂ ಇದೇ ಮಾತು ಬೇರೆ ರೀತಿಯಲ್ಲಿ ಬಂತು. ಕುಂದಗೋಳ ತಾಲೂಕಿನ ಕಳಸದ ಗುರು ಗೋವಿಂದ ಭಟ್ಟರ ಶಿಷ್ಯ ಶಿಶುನಾಳ ಶರೀಫಜ್ಜ (1819–1889) ದೇಹವನ್ನು ಸೋರುವ ಮಾಳಿಗೆಗೆ ಹೋಲಿಸಿ ಹಾಡಿದರು. ನವಲಗುಂದ, ಅಣ್ಣಿಗೇರಿ ಕಡೆಯ ಮಣ್ಣಿನ ಮಾಳಿಗೆ ಮನೆ ನೋಡಿದವರಿಗೆ ಇದು ತಟ್ಟನೆ ಅರ್ಥ ಆಗ್ತದ. ಮನೆ ಸೋರುವುದು ಅಜ್ಞಾನದಿಂದ ಅಂದರು ಅಜ್ಜ. ಅದಕ್ಕೆ ಗೋಡೆ ಕೊರೆದರೆ ಏನು ಉಪಯೋಗ?

ಇಂದು ಇದೆಲ್ಲ ವಿಡಿಯೋಗಳಲ್ಲಿ ಸಿಗುತ್ತದೆ, ಅದಕ್ಕೇ ಈ ಮಾತು ಹೇಳಬೇಕಾಯಿತು. ನಾಲಿಗೆ ಕೊಯ್ದರೆ ರಕ್ತಸ್ರಾವ, ಸೋಂಕು ಖಂಡಿತ ಆಗಬಹುದು. ಬಟ್ಟೆ ಗಂಟಲಲ್ಲಿ ಸಿಕ್ಕಿಕೊಂಡರೆ ಉಸಿರೇ ಕಟ್ಟುತ್ತದೆ. ಜಲನೇತಿಯಂಥ ಸರಳ ಕ್ರಿಯೆಗೂ ಕುದಿಸಿ ಆರಿಸಿದ ನೀರೇ ಬೇಕು, ಕಲಿಸುವವರು ಎದುರಿಗೇ ಇರಬೇಕು. ಸ್ವಾತ್ಮಾರಾಮ ಕೂಡ ಧೌತಿಯನ್ನು ಗುರು ತೋರಿಸಿದಂತೆಯೇ ಮಾಡಿ ಎಂದಿದ್ದಾನೆ. ಕೊಬ್ಬು, ಕಫ ಹೆಚ್ಚಿಲ್ಲದವರು ಶುದ್ಧಿಕ್ರಿಯೆಗಳ ತಂಟೆಗೇ ಹೋಗಬಾರದು ಎಂದೂ ಬರೆದಿದ್ದಾನೆ. ರೀಲ್ಸ್ ಮಾಡುವವರು ಈ ಶ್ಲೋಕವನ್ನು ಮಾತ್ರ ಬಿಟ್ಟುಬಿಡುತ್ತಾರೆ.

ಹಳೆಯ ಗ್ರಂಥಗಳನ್ನು ಓದೋಣ, ಬೆರಗಾಗೋಣ, ಪ್ರಶ್ನೆ ಕೇಳೋಣ. ಪ್ರಾಕ್ಟಿಕಲ್‌ಗೆ ನಮಗೆ ಸೂರ್ಯನಮಸ್ಕಾರ ಸಾಕು.