ಎಡಿಟಿಂಗ್ ಕಂಪ್ಯೂಟರ್: ಬಂಗಾರ ಅಡವಿಡುವ ಮುಂಚೆ ಒಂದಿಷ್ಟು ಲೆಕ್ಕ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ - ಈ ನಾಲ್ಕೂ ಕಡೆ ಕ್ಯಾಮೆರಾ ಹಿಡಿಯಬಲ್ಲ ಹುಡುಗರಿಗೆ ಈಗ ಕೆಲಸವಿದೆ. ಪೇಪರ್ ಮಿಲ್ಲಿನ ನೌಕರಿ ನಂಬಿ ಘಟ್ಟ ಹತ್ತಿದವರ ಮೊಮ್ಮಕ್ಕಳು ಇಂದು ಕಾಳಿ ನದಿಯ ರ‍್ಯಾಫ್ಟಿಂಗ್ ವೀಡಿಯೊ ಮಾಡುತ್ತಿದ್ದಾರೆ. ಗಣೇಶಗುಡಿಯ ಹೋಮ್‌ಸ್ಟೇಗಳಿಗೆ ರೀಲ್ಸ್ ಬೇಕು, ಹಳಿಯಾಳದ ಮದುವೆಗಳಿಗೆ ಆಲ್ಬಂ ಬೇಕು, ಮುಂಡಗೋಡದಲ್ಲಿ ಟಿಬೆಟಿಯನ್ ಕ್ಯಾಂಪಿನ ಹಬ್ಬಗಳಿಗೂ ಕ್ಯಾಮೆರಾ ಹೋಗುತ್ತದೆ. ನಮ್ಮವರ ನಿಕಾಹ್, ಮೀಲಾದ್ ಜಾಥಾದ ದಫ್, ಮದ್ರಸ ವಾರ್ಷಿಕೋತ್ಸವ ಎಲ್ಲವೂ ಈಗ ವೀಡಿಯೊ ಆಗಿಯೇ ಮನೆಗೆ ಬರುತ್ತದೆ.

ಹಾಗಾಗಿ ಮದ್ರಸ ಬಿಟ್ಟ ಮೇಲೆ ನಮ್ಮ ಬಳಿ ಬರುವ ತಂದೆ ತಾಯಂದಿರ ಪ್ರಶ್ನೆಯೂ ಬದಲಾಗಿದೆ. "ಉಸ್ತಾದರೇ, ಮಗ ಎಡಿಟಿಂಗಿಗೆ ಕಂಪ್ಯೂಟರ್ ಬೇಕು ಅಂತಿದ್ದಾನೆ. ಬಳೆ ಅಡವಿಟ್ಟು ಕೊಡಿಸೋದಾ ಬೇಡ್ವಾ?" ಕೊಡಿಸಿ ಅಥವಾ ಬೇಡ ಎಂದು ಒಂದೇ ಮಾತಲ್ಲಿ ಹೇಳಲಾಗದು. ತಪ್ಪು ಯಂತ್ರ ತಂದರೆ ಬಳೆಯೂ ಹೋಗುತ್ತದೆ, ಮದುವೆ ಸೀಸನ್ನೂ ಹೋಗುತ್ತದೆ. ಆದ್ದರಿಂದ ಅಂಗಡಿಗೆ ಹೋಗುವ ಮುಂಚೆ ಮನೆಯವರೂ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ಬರೆದಿದ್ದೇವೆ.

ಮೊದಲು ಕೆಲಸ, ಆಮೇಲೆ ಯಂತ್ರ

ಮಗ ಏನು ಎಡಿಟ್ ಮಾಡುತ್ತಾನೆ ಎಂದು ಕೇಳಿ. ಬರೀ ಮೊಬೈಲಲ್ಲಿ ತೆಗೆದ ಒಂದು ನಿಮಿಷದ ರೀಲ್ಸ್ ಆದರೆ ಮೊಬೈಲೇ ಸಾಕು, ಕಂಪ್ಯೂಟರ್ ಮುಂದೂಡಿ. ಮದುವೆಯ ಫುಲ್ ಎಚ್‌ಡಿ ವೀಡಿಯೊ ಆದರೆ ಮಧ್ಯಮ ಯಂತ್ರ ಸಾಕು. ರೆಸಾರ್ಟಿನವರಿಗೆ 4ಕೆ ವೀಡಿಯೊ, ಡ್ರೋನ್ ದೃಶ್ಯ, ಬಣ್ಣ ತಿದ್ದುವ ಕೆಲಸ ಇದೆ ಎಂದಾದರೆ ಮಾತ್ರ ದೊಡ್ಡ ಖರ್ಚಿಗೆ ಅರ್ಥವಿದೆ.

ಲ್ಯಾಪ್‌ಟಾಪೋ ಡೆಸ್ಕ್‌ಟಾಪೋ? ಅದೇ ಹಣಕ್ಕೆ ಡೆಸ್ಕ್‌ಟಾಪ್ ಹೆಚ್ಚು ಕೆಲಸ ಮಾಡುತ್ತದೆ, ಬಿಸಿ ಕಡಿಮೆ, ನಾಳೆ ಒಂದು ಭಾಗ ಕೆಟ್ಟರೆ ಅದೊಂದನ್ನೇ ಬದಲಿಸಬಹುದು. ಊರೂರು ಸುತ್ತುವವರಿಗಷ್ಟೇ ಲ್ಯಾಪ್‌ಟಾಪ್.

ಐ7 ಎಂಬ ಹೆಸರಿಗೆ ಮರುಳಾಗಬೇಡಿ

ಹಳೆಯ ಆಫೀಸ್ ಕಂಪ್ಯೂಟರುಗಳನ್ನು ಒರೆಸಿ, "ಐ7 ಇದೆ, ಕಡಿಮೆಗೆ ಕೊಡ್ತೇವೆ" ಎಂದು ಮಾರುವವರಿದ್ದಾರೆ. ಇಂಟೆಲ್ ಪ್ರೊಸೆಸರಿನಲ್ಲಿ ಐ5, ಐ7 ಎಂಬುದಕ್ಕಿಂತ ಮುಂದಿನ ಸಂಖ್ಯೆ ಮುಖ್ಯ. ಐ7-6700 ಎಂದರೆ 6ನೇ ತಲೆಮಾರು, 2015ರದ್ದು, 4 ಕೋರ್. ಐ5-12400 ಎಂದರೆ 12ನೇ ತಲೆಮಾರು, 6 ಕೋರ್. ಹೆಸರಲ್ಲಿ ಚಿಕ್ಕದಾದ ಐ5 ಕೆಲಸದಲ್ಲಿ ಆ ಐ7ಗಿಂತ ಎಷ್ಟೋ ಮುಂದೆ.

ಇನ್ನೊಂದು ಗುಟ್ಟು ಸಂಖ್ಯೆಯ ಕೊನೆಯಲ್ಲಿದೆ. 12400ಎಫ್ ಎಂದು 'ಎಫ್' ಅಕ್ಷರ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇರುವುದಿಲ್ಲ, ಅದಕ್ಕೇ ಸ್ವಲ್ಪ ಅಗ್ಗ. ಗೇಮ್ ಆಡುವವರಿಗೆ ತೊಂದರೆಯಿಲ್ಲ. ಎಡಿಟಿಂಗಿಗೆ ಮಾತ್ರ ಅದು ನಷ್ಟ. ಮೊಬೈಲ್, ಕ್ಯಾಮೆರಾ, ಡ್ರೋನ್‌ಗಳ ವೀಡಿಯೊ ಎಚ್.264 ಅಥವಾ ಎಚ್.265 ಎಂಬ ರೂಪದಲ್ಲಿ ಹಿಂಡಿ ಇಟ್ಟಂತೆ ಇರುತ್ತದೆ. ಅದನ್ನು ಬಿಡಿಸಿ ತೋರಿಸುವ ಕ್ವಿಕ್ ಸಿಂಕ್ ಎಂಬ ಅಂಗ ಇರುವುದು ಆ ಒಳಗಿನ ಗ್ರಾಫಿಕ್ಸಲ್ಲೇ. ಅದಿಲ್ಲದಿದ್ದರೆ ಕೆಲವು ಹೊಸ ಕ್ಯಾಮೆರಾಗಳ 10-ಬಿಟ್ ವೀಡಿಯೊ ತಡೆತಡೆದು ಓಡುತ್ತದೆ. ಹಾಗಾಗಿ 12ನೇ ತಲೆಮಾರು ಅಥವಾ ಅದರಿಂದೀಚಿನದು, 'ಎಫ್' ಇಲ್ಲದ್ದು ಕೇಳಿ.

ರ‍್ಯಾಮ್ ಫುಲ್ ಎಚ್‌ಡಿಗೆ 16 ಜಿಬಿ, 4ಕೆಗೆ 32 ಜಿಬಿ ಇರಲಿ. 16 ಜಿಬಿಯ ಒಂದೇ ತುಂಡಿಗಿಂತ 8ರ ಎರಡು ತುಂಡು ಹಾಕಿಸಿದರೆ ವೇಗ ಹೆಚ್ಚು. ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕಾಗುವುದು ಬಣ್ಣ ತಿದ್ದುವ ಕೆಲಸಕ್ಕೆ, ಡಾವಿಂಚಿ ರಿಸಾಲ್ವ್ ಬಳಸುವವರಿಗೆ. ಅವರಿಗೆ 8 ಜಿಬಿ ಮೆಮೊರಿಯ ಕಾರ್ಡ್ ಒಳ್ಳೆಯದು. ಉಳಿದವರು ಅದನ್ನು ಸಂಪಾದನೆ ಶುರುವಾದ ಮೇಲೆ ಹಾಕಿಸಬಹುದು.

ಡಿಸ್ಕಿನ ಲೆಕ್ಕ

ಕ್ಯಾಮೆರಾ ಸೆಕೆಂಡಿಗೆ 50 ಮೆಗಾಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ನಿಮಿಷಕ್ಕೆ 375 ಎಂಬಿ, ಗಂಟೆಗೆ 22.5 ಜಿಬಿ. ಎರಡು ಕ್ಯಾಮೆರಾ, ನಾಲ್ಕು ನಾಲ್ಕು ಗಂಟೆ ಎಂದರೆ ಒಂದೇ ನಿಕಾಹ್‌ಗೆ 180 ಜಿಬಿ. 256 ಜಿಬಿಯ ಡಿಸ್ಕ್ ಮೊದಲ ಮದುವೆಗೇ ತುಂಬಿಹೋಗುತ್ತದೆ.

ಆದ್ದರಿಂದ ವಿಂಡೋಸ್ ಮತ್ತು ನಡೆಯುತ್ತಿರುವ ಕೆಲಸಕ್ಕೆ 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ, ಮುಗಿದ ಕೆಲಸ ಇಡಲು ಒಂದು ಸಾಮಾನ್ಯ ಹಾರ್ಡ್ ಡಿಸ್ಕ್, ಜೊತೆಗೆ ಬೇರೆ ಜಾಗದಲ್ಲಿಡಲು ಇನ್ನೊಂದು ಪೋರ್ಟಬಲ್ ಡಿಸ್ಕ್. ವೀಡಿಯೊ ಎರಡು ಕಡೆ ಕಾಪಿ ಆಗುವವರೆಗೆ ಕ್ಯಾಮೆರಾ ಕಾರ್ಡನ್ನು ಅಳಿಸಬಾರದು. ಕಂಪ್ಯೂಟರ್ ಕೆಟ್ಟರೆ ಹೊಸದು ತರಬಹುದು. ಒಬ್ಬಳ ನಿಕಾಹ್ ದಿನ ಅವಳ ಅಜ್ಜಿ ಕೈ ಎತ್ತಿ ದುಆ ಮಾಡಿದ್ದನ್ನು ಮತ್ತೆ ತೆಗೆಯಲಾಗದು. ಅದು ಜನ ನಮ್ಮ ಮಕ್ಕಳ ಕೈಲಿಟ್ಟ ಅಮಾನತ್ತು.

ವಿಂಡೋಸ್, ಮ್ಯಾಕ್, ಲಿನಕ್ಸ್

ವಿಂಡೋಸ್ 10ಕ್ಕೆ ಸಾಮಾನ್ಯ ಸುರಕ್ಷಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಇಂಟೆಲ್ ಆದರೆ 8ನೇ ತಲೆಮಾರು ಮತ್ತು ಮೇಲಿನದು ಬೇಕು. ಹಳೆಯ ಐ7 ಬೇಡ ಎನ್ನಲು ಇದೂ ಒಂದು ಕಾರಣ. ಸುತ್ತಲಿನ ಸ್ಟುಡಿಯೋದವರ ಜೊತೆ ಫೈಲ್ ಹಂಚಿಕೊಳ್ಳಬೇಕಾದವರಿಗೆ ವಿಂಡೋಸ್ 11 ಸುಲಭದ ದಾರಿ.

ಆಪಲ್‌ನ ಮ್ಯಾಕ್ ಮಿನಿಯ ಎಂ4 ಮಾದರಿ 2024ರ ನವೆಂಬರಿನಲ್ಲಿ 59,900 ರೂಪಾಯಿಗೆ ಬಂತು. 16 ಜಿಬಿ ಮೆಮೊರಿ, ವಿದ್ಯುತ್ ಖರ್ಚು ಬಹಳ ಕಡಿಮೆ, 4ಕೆ ಸಲೀಸಾಗಿ ಓಡುತ್ತದೆ, ಐಮೂವಿ ಪುಕ್ಕಟೆ. ಆದರೆ ಡಿಸ್ಕ್ 256 ಜಿಬಿ ಮಾತ್ರ, ಮೆಮೊರಿಯನ್ನು ಮುಂದೆ ಹೆಚ್ಚಿಸಲಾಗದು, ಮಾನಿಟರ್, ಕೀಬೋರ್ಡ್, ಹೊರಗಿನ ಡಿಸ್ಕ್ ಎಲ್ಲ ಬೇರೆ ಖರ್ಚು. ಕೆಟ್ಟರೆ ನಮ್ಮೂರಲ್ಲಿ ಬಿಚ್ಚಿ ನೋಡುವವರಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಲಿನಕ್ಸ್ ಪೂರ್ತಿ ಪುಕ್ಕಟೆ. ನಮ್ಮ ನೆಂಟರಿಷ್ಟರಿರುವ ಮಂಜೇಶ್ವರ, ಕಾಸರಗೋಡಿನ ಸರಕಾರಿ ಶಾಲೆಗಳಲ್ಲಿ ಮಕ್ಕಳು ಕಂಪ್ಯೂಟರ್ ಕಲಿಯುವುದೇ ಲಿನಕ್ಸಿನಲ್ಲಿ. ಅದರಲ್ಲಿ ಕೆಡೆನ್‌ಲೈವ್, ಶಾಟ್‌ಕಟ್ ಎಂಬ ಒಳ್ಳೆಯ ಎಡಿಟಿಂಗ್ ಸಾಫ್ಟ್‌ವೇರುಗಳಿವೆ, ಕಲಿಯುವವರಿಗೆ ಧಾರಾಳ ಸಾಕು. ಒಂದು ಎಚ್ಚರಿಕೆ: ಡಾವಿಂಚಿ ರಿಸಾಲ್ವಿನ ಪುಕ್ಕಟೆ ಆವೃತ್ತಿ ವಿಂಡೋಸಿನಲ್ಲಿ ಎಚ್.264 ವೀಡಿಯೊ ತೆರೆಯುತ್ತದೆ, ಲಿನಕ್ಸಿನಲ್ಲಿ ತೆರೆಯುವುದಿಲ್ಲ. ಅಡೋಬಿ ಪ್ರೀಮಿಯರ್ ಅಂತೂ ಲಿನಕ್ಸಿಗೆ ಇಲ್ಲವೇ ಇಲ್ಲ.

ಅಂಗಡಿಯವರು "ಪ್ರೀಮಿಯರ್ ಫ್ರೀ ಆಗಿ ಹಾಕಿ ಕೊಡ್ತೇವೆ" ಎಂದರೆ ಅದು ಕದ್ದ ಮಾಲು. ಹಕ್ಕಿನ ಮಾತು ಒಂದು ಕಡೆ, ಅಂಥ ಸಾಫ್ಟ್‌ವೇರಿನ ಜೊತೆ ವೈರಸ್ ಬಂದು ಎಲ್ಲ ವೀಡಿಯೊಗೆ ಬೀಗ ಹಾಕುವ ಅಪಾಯ ಇನ್ನೊಂದು ಕಡೆ. ರಿಸಾಲ್ವ್ ಪುಕ್ಕಟೆ ಸಿಗುವಾಗ ಕಳ್ಳದಾರಿ ಯಾಕೆ?

ಕನ್ನಡ, ಅರಬಿ ಅಕ್ಷರ

ಮದುವೆ ವೀಡಿಯೊದಲ್ಲಿ ಹೆಸರು ಕನ್ನಡದಲ್ಲಿ ಬರಬೇಕು, ಬಿಸ್ಮಿ ಅರಬಿಯಲ್ಲಿ ಬರಬೇಕು. ಕೆಲವು ಕಡೆ ಒತ್ತಕ್ಷರ ಒಡೆಯುತ್ತದೆ, ಅರಬಿ ಅಕ್ಷರ ಬಿಡಿಬಿಡಿಯಾಗಿ ತಿರುಗುಮುರುಗಾಗಿ ಬೀಳುತ್ತದೆ. ಪ್ರೀಮಿಯರಿನ ಸೆಟ್ಟಿಂಗಿನಲ್ಲಿ 'ಸೌತ್ ಏಷ್ಯನ್ ಆ್ಯಂಡ್ ಮಿಡಲ್ ಈಸ್ಟರ್ನ್' ಎಂಬುದನ್ನು ಆರಿಸಿದರೆ ಎರಡೂ ಸರಿಯಾಗುತ್ತವೆ. ಯಾವ ಸಾಫ್ಟ್‌ವೇರೇ ಆಗಲಿ, ಯೂನಿಕೋಡ್ ಅಕ್ಷರದಲ್ಲಿ 'ಸ್ತ್ರೀ', 'ಜ್ಞಾನ', 'ಅಬ್ದುಲ್ಲಾ' ಎಂದು ಟೈಪ್ ಮಾಡಿ ನೋಡಿಯೇ ಒಪ್ಪಿಕೊಳ್ಳಿ.

ಮಳೆ, ಕರೆಂಟು, ಬಿಲ್ಲು

ಜೋಯಿಡಾ ಕಡೆಯ ಮಳೆಗಾಲ ಗೊತ್ತಿದ್ದದ್ದೇ. ಕರೆಂಟು ಹೋಗಿ ಬರುವಾಗಿನ ಏಟಿಗೆ ಡಿಸ್ಕ್ ಹಾಳಾಗುತ್ತದೆ. 1000 ವಿಎ ಯುಪಿಎಸ್ ಇದ್ದರೆ ಕೆಲಸ ಸೇವ್ ಮಾಡಿ ಬಂದ್ ಮಾಡಲು ಕೆಲವು ನಿಮಿಷ ಸಿಗುತ್ತದೆ. ಮನೆಯ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಯಂತ್ರವನ್ನು ಒದ್ದೆ ಗೋಡೆಗೆ ತಾಗಿಸಿ, ನೆಲದ ಮೇಲೆ ಇಡಬೇಡಿ. ಮಳೆಗಾಲದಲ್ಲಿ ಕೆಲಸವಿಲ್ಲದಿದ್ದರೂ ಆಗಾಗ ಚಾಲೂ ಮಾಡಿ.

ನಮ್ಮವರು ಖರೀದಿಗೆ ಹೋಗುವುದು ಹುಬ್ಬಳ್ಳಿ, ಧಾರವಾಡಕ್ಕೆ. ಜೋಯಿಡಾದಿಂದ ಅದು ಒಂದು ದಿನದ ಕೆಲಸ. ಹೋಗುವಾಗ ನಿಮ್ಮದೇ ಕ್ಯಾಮೆರಾದ ವೀಡಿಯೊ ಪೆನ್ ಡ್ರೈವಿನಲ್ಲಿ ಒಯ್ಯಿರಿ, ಅಂಗಡಿಯಲ್ಲೇ ಓಡಿಸಿ ನೋಡಿ. ಬಿಲ್ಲಿನಲ್ಲಿ ಒಂದೊಂದು ಭಾಗದ ಪೂರ್ತಿ ಹೆಸರು, ಸೀರಿಯಲ್ ನಂಬರ್, ವಾರಂಟಿ ಬರೆಸಿಕೊಳ್ಳಿ. ದೊಡ್ಡ ಡೌನ್‌ಲೋಡುಗಳನ್ನು ನೆಟ್‌ವರ್ಕ್ ಇರುವ ಕಡೆಯೇ ಮುಗಿಸಿ ಬನ್ನಿ.

ಇನ್ನು ಬಳೆಯ ಪ್ರಶ್ನೆ. ಮಗನ ಕೈಯಲ್ಲಿ ಒಪ್ಪಿಕೊಂಡ ಕೆಲಸ ಎಷ್ಟಿದೆ, ಒಂದಕ್ಕೆ ಎಷ್ಟು ಉಳಿಯುತ್ತದೆ, ತಿಂಗಳ ಬಡ್ಡಿ ಅಥವಾ ಕಂತು ಎಷ್ಟು - ಈ ಮೂರನ್ನು ಒಂದು ಚೀಟಿಯಲ್ಲಿ ಬರೆಸಿ. ಲೆಕ್ಕ ಕೂಡಿದರೆ ಬಿಸ್ಮಿ ಹೇಳಿ ತೆಗೆದುಕೊಡಿ. ಕೂಡದಿದ್ದರೆ ಒಂದು ಸೀಸನ್ ಯಾರದಾದರೂ ಸ್ಟುಡಿಯೋದಲ್ಲಿ ಕೂತು ಕಲಿಯಲಿ. ಬಳೆ ಕೈಯಲ್ಲೇ ಇರಲಿ, ಕಂಪ್ಯೂಟರ್ ಮುಂದಿನ ವರ್ಷವೂ ಸಿಗುತ್ತದೆ.