ಡಂಕಲಿಯೋಸ್ಟಿಯಸ್ ಮತ್ಸ್ಯವು ಅಳಿಯದಿದ್ದರೆ: ಒಂದು ವಿಚಾರ

ನಡೆಯದುದನ್ನು ಕುರಿತು ವಿಚಾರಮಾಡುವುದು ಇತಿಹಾಸಕಾರನ ಕೆಲಸವಲ್ಲವೆಂಬ ಮಾತು ನಮ್ಮಲ್ಲಿ ರೂಢವಾಗಿದೆ. ಆದರೂ ಒಂದು ಘಟನೆಯನ್ನು ಮತ್ತೊಂದಕ್ಕೆ ಕಾರಣವೆಂದು ಹೇಳುವಾಗಲೆಲ್ಲ, ಮೊದಲನೆಯದು ನಡೆಯದಿದ್ದರೆ ಪರಿಣಾಮವೂ ಬೇರೆಯಾಗುತ್ತಿತ್ತೆಂದು ನಾವು ಮೌನವಾಗಿ ಒಪ್ಪಿರುತ್ತೇವೆ. ಇಂತಹ ಊಹೆಯ ಮಿತಿಯನ್ನು ಪರೀಕ್ಷಿಸಲು, ರಾಜರ ಮೇಲಣ ಅಭಿಮಾನವಾಗಲಿ ಮತ್ಸರವಾಗಲಿ ಸೋಂಕದ ನಿದರ್ಶನವೊಂದನ್ನು ಜೀವಿಗಳ ಇತಿಹಾಸದಿಂದ ಆಯ್ದುಕೊಂಡಿದ್ದೇವೆ.

ಡಂಕಲಿಯೋಸ್ಟಿಯಸ್ ಎಂಬ ಹಿಂಸ್ರ ಮತ್ಸ್ಯವು ಡಿವೋನಿಯನ್ ಯುಗದ ಕೊನೆಯಲ್ಲಿ, ಎಂದರೆ ಸುಮಾರು 36 ಕೋಟಿ ವರ್ಷಗಳ ಹಿಂದೆ ಬಾಳಿತ್ತು. 1867ರಲ್ಲಿ ಅಮೆರಿಕದ ಓಹಾಯೋ ಸಂಸ್ಥಾನದಲ್ಲಿ, ಈರೀ ಸರೋವರದ ದಂಡೆಯಲ್ಲಿ, ಜೇ ಟೆರೆಲ್ ಎಂಬವರಿಗೆ ಇದರ ಅವಶೇಷಗಳು ದೊರೆತವು. ಈಗಿನ ಹೆಸರು ಬಂದುದು 1956ರಲ್ಲಿ. ಹಲ್ಲಿನ ಸಾಲಿಗೆ ಬದಲಾಗಿ ಇದರ ಬಾಯಲ್ಲಿ ಕತ್ತರಿಯಂತೆ ಒಂದನ್ನೊಂದು ಮಸೆಯುವ ಎಲುಬಿನ ಅಲಗುಗಳಿದ್ದವು. ತಲೆ ಹಾಗೂ ಎದೆಯ ಕವಚವಷ್ಟೇ ಚೆನ್ನಾಗಿ ಉಳಿದಿದೆ. ಹಿಂಭಾಗವು ಬಹುಮಟ್ಟಿಗೆ ನಶಿಸಿಹೋಗಿದೆ. ಆದುದರಿಂದಲೇ ಇದರ ಉದ್ದವನ್ನು 8 ಮೀಟರು, 10 ಮೀಟರು ಎಂದು ಹಿಂದೆ ಹೇಳುತ್ತಿದ್ದರು. 2023ರಲ್ಲಿ ರಸೆಲ್ ಎಂಗಲ್ಮನ್ ಅವರು ತಲೆಯ ಅಳತೆಯನ್ನು ಇತರ ಮತ್ಸ್ಯಗಳೊಡನೆ ಹೋಲಿಸಿ, ಅತಿ ದೊಡ್ಡದೂ ಸುಮಾರು 4 ಮೀಟರನ್ನು ಮೀರಿರಲಾರದೆಂದು ತೋರಿಸಿದರು. ಮುರಿದ ಶಾಸನದ ಮೇಲ್ತುಂಡನ್ನು ಹಿಡಿದು ಸಾಮ್ರಾಜ್ಯವನ್ನೇ ಅಳೆಯುವ ನಮ್ಮವರಿಗೆ ಈ ಪ್ರಸಂಗವು ಅಪರಿಚಿತವೇನಲ್ಲ.

ಸುಮಾರು 35.9 ಕೋಟಿ ವರ್ಷಗಳ ಹಿಂದೆ, ಡಿವೋನಿಯನ್ ಯುಗಾಂತ್ಯದ ವಿನಾಶದಲ್ಲಿ ಈ ಕವಚಮತ್ಸ್ಯಗಳು ಅಳಿದುವು. ಆ ಬಳಿಕವೇ ಶಾರ್ಕುಗಳೂ ಇಂದಿನ ಬಹುಪಾಲು ಮೀನುಗಳ ಪೂರ್ವಜರೂ ಕಡಲಿನಲ್ಲಿ ಹಬ್ಬಿದರು. ಹಾಗಾದರೆ ಡಂಕಲಿಯೋಸ್ಟಿಯಸ್ ಉಳಿದಿದ್ದಲ್ಲಿ ಶಾರ್ಕಿಗೆ ಆಸ್ಪದವಿರುತ್ತಿರಲಿಲ್ಲವೇ? ಇಲ್ಲಿ ಎರಡು ತೊಡಕುಗಳಿವೆ. ಕ್ಲಾಡೊಸೆಲಾಕಿ ಎಂಬ ಶಾರ್ಕಿನಂತಹ ಮೀನು ಅದೇ ಓಹಾಯೋ ಶಿಲೆಗಳಲ್ಲಿಯೇ ದೊರೆತಿದೆ. ಹಿಂಸ್ರ ಮತ್ಸ್ಯದ ನೆರೆಯಲ್ಲಿಯೇ ಅದು ಬಾಳಿತ್ತು. ಇನ್ನೊಂದು ತೊಡಕು ಹೆಚ್ಚು ಗಂಭೀರವಾದುದು. ಇದೊಂದನ್ನು ಮಾತ್ರ ಉಳಿಸಿಕೊಂಡು ಊಹೆಯನ್ನು ಮುಂದುವರಿಸುವಂತಿಲ್ಲ. ಇದು ಉಳಿಯಬೇಕಾದರೆ ವಿನಾಶವೇ ನಡೆಯಬಾರದು. ವಿನಾಶವು ನಡೆಯದಿದ್ದರೆ ಜೊತೆಯಲ್ಲಿ ಅಳಿದ ಇತರ ಕುಲಗಳೂ ಉಳಿಯುತ್ತಿದ್ದವು. ಭೂಮಿಗೆ ಕಾಲಿಡುತ್ತಿದ್ದ ಚತುಷ್ಪಾದಿಗಳ ಗತಿಯೂ ಆಗ ಬೇರೆಯಾಗಿರಬಹುದಿತ್ತು. ಪಾಣಿಪತದಲ್ಲಿ ಜಯಾಪಜಯಗಳನ್ನು ಅದಲುಬದಲು ಮಾಡಿ, ಉಳಿದುದೆಲ್ಲವನ್ನೂ ಇದ್ದಂತೆಯೇ ಇಟ್ಟುಕೊಳ್ಳುವ ವಿದ್ಯಾರ್ಥಿಯು ಬೀಳುವ ಕುಳಿಯೂ ಇದೇ.

ಕವಚಮತ್ಸ್ಯಗಳು ಪೂರ್ಣವಾಗಿ ಅಳಿದುವೆಂಬ ಮಾತಿಗೂ ತಿದ್ದುಪಡಿ ಬೇಕಾಗಿದೆ. 2013ರಲ್ಲಿ ಚೀನದ ಯುನ್ನಾನಿನಿಂದ ವರದಿಯಾದ, ಸುಮಾರು 41.9 ಕೋಟಿ ವರ್ಷಗಳ ಹಿಂದಿನ ಎಂಟೆಲಾಗ್ನಾಥಸ್ ಎಂಬ ಕವಚಮತ್ಸ್ಯದ ದವಡೆಯ ಎಲುಬುಗಳು ಎಲುಬುಮೀನುಗಳ ದವಡೆಯನ್ನೇ ಹೋಲುತ್ತವೆ. ನಮ್ಮ ದವಡೆಯ ಎಲುಬುಗಳ ಮೂಲವನ್ನು ವಿದ್ವಾಂಸರು ಈಗ ಆ ಪ್ರಾಚೀನ ಗುಂಪಿನಲ್ಲಿಯೇ ಹುಡುಕುತ್ತಿದ್ದಾರೆ.