ಬಿಸಿಲಿನ ಸತ್ತ್ವವೂ ವಾರದ ಗುಳಿಗೆಯೂ

ನವಲಗುಂದ, ಅಣ್ಣಿಗೇರಿಗಳ ಎರೆಭೂಮಿಯಲ್ಲಿ ಮಳೆಗೆ ಬರ ಬಂದೀತು, ಬಿಸಿಲಿಗೆ ಬರವಿಲ್ಲ. ಸೂರ್ಯನನ್ನು ಆರೋಗ್ಯದಾತನೆಂದು ಪೂಜಿಸುವ ಇಂಥ ನಾಡಿನಲ್ಲಿಯೇ, ಸೊಂಟನೋವು, ತೊಡೆನೋವು, ಮೆಟ್ಟಲೇರುವಾಗ ಕಾಲು ಸೋಲುವದು ಎಂದು ನರಳುವ ಗೃಹಿಣಿಯರ ರಕ್ತವನ್ನು ಪರೀಕ್ಷಿಸಿದರೆ, ‘ಡಿ’ ಜೀವಸತ್ತ್ವದ ಕೊರತೆಯು ಅನೇಕ ವೇಳೆ ಕಂಡುಬರುತ್ತದೆ. ಇದು ಹೇಗೆಂದು ವಾಚಕರು ಕೇಳಬಹುದು.

ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳ ಬಲದಿಂದ ಚರ್ಮವು ಈ ಸತ್ತ್ವವನ್ನು ತಾನೇ ನಿರ್ಮಿಸಿಕೊಳ್ಳುವದು. ಆ ಕಿರಣಗಳು ಕಿಟಕಿಯ ಗಾಜನ್ನು ದಾಟವು. ಮೈತುಂಬ ಹೊದ್ದ ಬಟ್ಟೆಯೊಳಗೆ ಅಷ್ಟಾಗಿ ಇಳಿಯವು. ಸೂರ್ಯೋದಯದ ಎಳೆಬಿಸಿಲಿನಲ್ಲಿ ಅವುಗಳ ಅಂಶವು ಅತ್ಯಲ್ಪ. ಹೊತ್ತು ಮೇಲೇರಿದ ತರುವಾಯದ ಬಿಸಿಲಿನಲ್ಲಿಯೇ ಹೆಚ್ಚು. ಅರುಣೋದಯದ ಬಿಸಿಲೇ ಶ್ರೇಷ್ಠವೆಂದು ನಂಬಿದವರಿಗೆ ಈ ಮಾತು ರುಚಿಸಲಿಕ್ಕಿಲ್ಲ, ಆದರೂ ನಿಜ. ಹೊಲಕ್ಕೆ ಹೋಗುವವಳಿಗೆ ಆ ಬಿಸಿಲು ದೊರೆತೀತು. ಮಣ್ಣಿನ ಮಾಳಿಗೆಯ ಮನೆಯೊಳಗೆ ರೊಟ್ಟಿ ಬಡಿಯುವವಳಿಗೆ, ನವಲಗುಂದದಲ್ಲಿ ಮಗ್ಗದ ಮುಂದೆ ಕುಳಿತು ಜಮಖಾನೆ ನೇಯುವವಳಿಗೆ ಅದೆಲ್ಲಿ? ಜೋಳದ ರೊಟ್ಟಿ, ಬೇಳೆ, ಕಾಯಿಪಲ್ಯಗಳಿಂದ ಈ ಸತ್ತ್ವವು ಸಿಕ್ಕದು. ಮೀನು, ತತ್ತಿಯ ಹಳದಿ ಇವುಗಳಲ್ಲಿ ಉಂಟು.

ಅನ್ನದಲ್ಲಿಯ ಸುಣ್ಣದಂಶವನ್ನು ಕರುಳು ಹೀರಿಕೊಳ್ಳಲು ಈ ಸತ್ತ್ವವು ಬೇಕೇ ಬೇಕು. ಇದಿಲ್ಲದಿದ್ದರೆ ಕೂಸುಗಳ ಕಾಲು ಬಿಲ್ಲಿನಂತೆ ಬಾಗುವವು, ದೊಡ್ಡವರ ಎಲುಬು ಮೆತ್ತಗಾಗುವವು. 1919ರ ಸುಮಾರಿಗೆ ಇಂಗ್ಲಂಡಿನ ಮೆಲನ್‌ಬಿ ಎಂಬ ಪಂಡಿತರು ನಾಯಿಮರಿಗಳಲ್ಲಿ ಆಹಾರದೋಷದಿಂದ ಈ ರೋಗವುಂಟಾಗುವದನ್ನೂ, ಕಾಡ್ ಮೀನಿನ ಎಣ್ಣೆಯಿಂದ ಅದು ದೂರಾಗುವದನ್ನೂ ತೋರಿಸಿದರು.

ಈಗ ನಮ್ಮ ವೈದ್ಯರು ದೊಡ್ಡವರಿಗೆ ಬಹುಧಾ ಬರೆದುಕೊಡುವದು 60,000 ಯುನಿಟ್ಟಿನ ಗುಳಿಗೆ ಇಲ್ಲವೆ ಪುಡಿಯ ಪಾಕೀಟು. ವಾರಕ್ಕೊಂದರಂತೆ 8 ವಾರ. ತರುವಾಯ ಅವರು ಹೇಳಿದಂತೆ ತಿಂಗಳಿಗೊಂದು. ಅಷ್ಟು ಯುನಿಟ್ಟುಗಳಲ್ಲಿಯ ಸತ್ತ್ವದ ತೂಕವು ಕೇವಲ ಒಂದೂವರೆ ಮಿಲಿಗ್ರಾಂ! ಚಿಕಿತ್ಸೆಯು ಕೆಡುವದು ಔಷಧದ ದೋಷಕ್ಕಿಂತ ನಮ್ಮ ಅನಿಯಮದಿಂದಲೇ ಹೆಚ್ಚು. ಎರಡು ವಾರ ತೆಗೆದುಕೊಂಡು, ನೋವು ಇಳಿಯಿತೆಂದು ಕೆಲವರು ಬಿಡುವರು, ಇಳಿಯಲಿಲ್ಲವೆಂದು ಉಳಿದವರು ಬಿಡುವರು. ಮೆತ್ತಗಾದ ಎಲುಬು ಗಟ್ಟಿಯಾಗಲು ತಿಂಗಳುಗಳೇ ಬೇಕು.

ಇದಕ್ಕಿಂತ ಭಯಂಕರವಾದುದು ವಾರದ ಗುಳಿಗೆಯನ್ನು ನಿತ್ಯ ನುಂಗುವದು. ‘ಸಿ’ ಸತ್ತ್ವವು ಮಿಕ್ಕರೆ ಮೂತ್ರದೊಡನೆ ಹೋಗುವದು. ‘ಡಿ’ ಸತ್ತ್ವವಾದರೋ ಕೊಬ್ಬಿನಲ್ಲಿ ಸಂಚಿತವಾಗಿ ನಿಲ್ಲುವದು. ಮಿತಿಮೀರಿದರೆ ರಕ್ತದಲ್ಲಿ ಸುಣ್ಣದಂಶವೇರಿ ಬಾಯಾರಿಕೆ, ವಾಂತಿ, ಮಲಬದ್ಧತೆಗಳಾಗುವವು, ಮೂತ್ರಪಿಂಡವೇ ಕೆಡಬಹುದು. ಮೂತ್ರದಲ್ಲಿ ಹರಳಾದವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಓದುಬಾರದ ಅತ್ತೆಯ ಕೈಗೆ ಗುಳಿಗೆಯ ಪಟ್ಟಿಯನ್ನು ಕೊಟ್ಟು ಸುಮ್ಮನಾಗಬಾರದು. ಊರ ಸಂತೆಯ ದಿನವನ್ನೇ ಗುಳಿಗೆಯ ದಿನವೆಂದು ಗೊತ್ತುಮಾಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ಮರೆವೂ ಇಲ್ಲ, ಇಮ್ಮಡಿಯೂ ಇಲ್ಲ. ತುಪ್ಪವೋ ಎಣ್ಣೆಯೋ ಬೆರೆತ ಊಟದೊಡನೆ ಅದು ಚೆನ್ನಾಗಿ ಮೈಗೆ ಹತ್ತುವದು. ಹಾಲು, ಮಜ್ಜಿಗೆ, ಎಳ್ಳುಗಳೂ ಇರಲಿ. ಸುಣ್ಣದಂಶವಿಲ್ಲದೆ ಈ ಸತ್ತ್ವವೊಂದೇ ಏನು ಮಾಡೀತು?

ಮೊಲೆಹಾಲಿನಲ್ಲಿ ಈ ಸತ್ತ್ವವು ಸಾಲದಾದುದರಿಂದ ಒಂದು ವರ್ಷದೊಳಗಿನ ಕೂಸಿಗೆ ದಿನಕ್ಕೆ 400 ಯುನಿಟ್ಟುಗಳ ಹನಿಯನ್ನು ಮಕ್ಕಳ ವೈದ್ಯರು ಹೇಳುತ್ತಾರೆ. ಶೀಸೆಗಳಲ್ಲಿ ಭೇದವುಂಟು: ಒಂದರಲ್ಲಿ ಅಷ್ಟು ಯುನಿಟ್ಟುಗಳು ಒಂದು ಮಿಲಿಲೀಟರಿನಲ್ಲಿದ್ದರೆ, ಮತ್ತೊಂದರಲ್ಲಿ ಅರ್ಧದಲ್ಲಿಯೇ ಇರುವವು. ಆದುದರಿಂದ ಶೀಸೆಯನ್ನು ಬದಲಿಸಿದಾಗಲೆಲ್ಲ ಚೀಟಿಯನ್ನು ಹೊಸದಾಗಿ ಓದಿಯೇ ಹನಿಯನ್ನು ಅಳೆಯತಕ್ಕದ್ದು.